ಹಸ್ತಪ್ರತಿ ಸೂಚಿಯ ಗಣಕ ನಮೂನೆಯಲ್ಲಿ ದತ್ತಪರಿಶೋಧನೆ

ಹಸ್ತಪ್ರತಿಗಳ ಹಾಗೂ ಶಾಸನಗಳ ವರ್ಣನಾತ್ಮಕ ಸೂಚಿಗಳು ಇಂದು ಅಂತರಜಾಲದ ನಮೂನೆಗಳ ಮೂಲಕವೂ ಸಿದ್ಧವಾಗುತ್ತಿವೆ. ನಮೂನೆಯಲ್ಲಿ ತುಂಬಿದುದನ್ನು ಗಣಕದ ಭಂಡಾರಕ್ಕೆ ಸೇರಿಸುವ ಮುನ್ನ ಪರೀಕ್ಷಿಸುವುದೇ ದತ್ತಪರಿಶೋಧನೆ. ಜಾಂಗೋ ಮೊದಲಾದ ಫ್ರೇಮ್‌ವರ್ಕುಗಳು ಇದಕ್ಕೆ ಬೇಕಾದ ಸಲಕರಣೆಯನ್ನು ಒದಗಿಸುತ್ತವೆ. ಆದರೆ ಏನನ್ನು ತಡೆಯಬೇಕು, ಏನನ್ನು ತಡೆಯಲಾಗದು ಎಂಬ ವಿವೇಕವನ್ನು ಗ್ರಂಥಸಂಪಾದಕನೇ ಕೊಡಬೇಕು.

ಜಾಂಗೋವಿನಲ್ಲಿ ಪರಿಶೋಧನೆಯು ಕ್ರಮವಾಗಿ ನಡೆಯುತ್ತದೆ. ಮೊದಲು ಬರೆದುದು ಸಂಖ್ಯೆ, ದಿನಾಂಕ ಮುಂತಾದ ತಕ್ಕ ರೂಪಕ್ಕೆ ಬರುತ್ತದೆ. ಬಳಿಕ ಆಯಾ ಅಂಕಣದ ನಿಯಮಗಳು ಅನ್ವಯಿಸುತ್ತವೆ. ಕಡೆಗೆ ಅಂಕಣಗಳ ಪರಸ್ಪರ ಸಾಂಗತ್ಯವನ್ನು ನೋಡಬಹುದು. ಬರೆಯುವವರ ಪರದೆಯಲ್ಲೇ ನಡೆಯುವ ಪರೀಕ್ಷೆಯು ಅನುಕೂಲಕ್ಕಷ್ಟೇ. ಅದನ್ನು ತಪ್ಪಿಸಿ ದತ್ತವನ್ನು ಕಳುಹಿಸಲು ಸಾಧ್ಯವಿರುವುದರಿಂದ ಸರ್ವರಿನಲ್ಲಿ ಮರುಪರೀಕ್ಷೆ ಅನಿವಾರ್ಯ.

ಈ ಎರಡು ಕಡೆಯ ನಿಯಮಗಳು ಭಿನ್ನವಾಗಿರುವುದೂ ಉಂಟು. ಜಾಂಗೋವಿಗೆ ಆಧಾರವಾದ ಪೈಥಾನ್ ಭಾಷೆಯು ೧೭೦೦ ಎಂಬ ಕನ್ನಡ ಅಂಕಿಗಳನ್ನೂ 1700 ಎಂಬುದನ್ನೂ ಒಂದೇ ಸಂಖ್ಯೆಯಾಗಿ ಗ್ರಹಿಸುತ್ತದೆ. ಪರದೆಯ ಸಂಖ್ಯಾ ಅಂಕಣವು ಕನ್ನಡ ಅಂಕಿಗಳನ್ನು ಒಪ್ಪುವುದಿಲ್ಲ. ಅಕ್ಷರಗಳ ವಿಷಯವೂ ಹೀಗೆಯೇ. ಅನುಮತಿಸಿದ ಅಕ್ಷರಗಳ ಪಟ್ಟಿಯಲ್ಲಿ ಱ, ೞ ಬಿಟ್ಟುಹೋದರೆ ಹಳಗನ್ನಡ ಪಾಠವೇ ತಿರಸ್ಕೃತವಾಗುತ್ತದೆ.

ಸ್ಥಳನಾಮಕ್ಕೆ ಬಂಗಾರಪೇಟೆಯ ನಿದರ್ಶನವನ್ನು ನೋಡಬಹುದು. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯದು. ಅದರಲ್ಲಿ ಬೇತಮಂಗಲದ ಶಾಸನಗಳು ಬೌರಿಂಗ್‌ಪೇಟೆ ತಾಲ್ಲೂಕಿನಲ್ಲಿವೆ. ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ೨೦೧೮ರಲ್ಲಿ ಕೆ.ಜಿ.ಎಫ್. ಪ್ರತ್ಯೇಕ ತಾಲ್ಲೂಕಾದ ಮೇಲೆ ಬೇತಮಂಗಲವು ಅದಕ್ಕೆ ಸೇರಿತು. ಇಂದಿನ ತಾಲ್ಲೂಕುಗಳ ಪಟ್ಟಿಯೊಂದನ್ನೇ ಪ್ರಮಾಣವಾಗಿಟ್ಟರೆ ಮುದ್ರಿತ ಆಕರದ ಹೆಸರಿಗೆ ಎಡೆಯಿಲ್ಲ; ಪಟ್ಟಿಯೇ ಇಲ್ಲದಿದ್ದರೆ ಬೌರಿಂಗ್‌ಪೇಟೆ ಮತ್ತು ಬಂಗಾರಪೇಟೆ ಎರಡು ಊರುಗಳಾಗುತ್ತವೆ. ಆದುದರಿಂದ ಆಕರದಲ್ಲಿರುವ ಹೆಸರಿಗೆ ಒಂದು ಅಂಕಣ, ಪಟ್ಟಿಯಿಂದ ಆರಿಸುವ ಇಂದಿನ ಹೆಸರಿಗೆ ಮತ್ತೊಂದು ಅಂಕಣ ಇರಬೇಕು.

ಕಾಲನಿರ್ದೇಶನದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಗತ ಶಕವರ್ಷಕ್ಕೆ ೧೨ ಕೂಡಿಸಿ ೬೦ರಿಂದ ಭಾಗಿಸಿದಾಗ ಉಳಿಯುವ ಶೇಷವು, ಪ್ರಭವದಿಂದ ಎಣಿಸಿದರೆ, ಸಂವತ್ಸರವನ್ನು ತಿಳಿಸುತ್ತದೆ. ಶೇಷವು ಸೊನ್ನೆಯಾದರೆ ಅಕ್ಷಯ. ಶಕ ೧೭೦೦ಕ್ಕೆ ಶೇಷ ೩೨, ಅಂದರೆ ವಿಳಂಬಿ. ಲಿಪಿಕಾರನು ಶಕ ೧೭೦೧ ವಿಳಂಬಿ ಎಂದು ಬರೆದಿದ್ದರೆ ಅದು ತಪ್ಪೆಂದು ನಿರ್ಣಯಿಸಲಾಗದು. ಆತ ವರ್ತಮಾನ ವರ್ಷವನ್ನು ಎಣಿಸಿರಬಹುದು. ಇಲ್ಲಿ ಗಣಕವು ನಮೂನೆಯನ್ನು ತಡೆದು ನಿಲ್ಲಿಸಿದರೆ, ಕೆಲಸ ಮುಂದೆ ಸಾಗಲೆಂದು ಬರೆಯುವವರು ೧೭೦೧ನ್ನು ೧೭೦೦ ಎಂದು ತಿದ್ದಿಬಿಡುತ್ತಾರೆ. ಓಲೆಯಲ್ಲಿಲ್ಲದ ಪಾಠವೊಂದು ಸೂಚಿಯಲ್ಲಿ ಹುಟ್ಟುತ್ತದೆ. ಮುಂದಿನ ಸಂಶೋಧಕನಿಗೆ ಅದರ ಸುಳಿವೂ ಸಿಗದು. ಗರಿಗಳ ಸಂಖ್ಯೆಯ ಅಂಕಣದಲ್ಲಿ ಅಕ್ಷರ ಬಿದ್ದರೆ ತಡೆಯುವುದು ಯುಕ್ತ. ಅದು ಬರೆಯುವವರ ಪ್ರಮಾದ. ಮೂಲದ ಅಸಾಂಗತ್ಯವನ್ನಾದರೋ ಇದ್ದಂತೆಯೇ ಸ್ವೀಕರಿಸಿ, ಪಕ್ಕದಲ್ಲಿ ಸಂದೇಹದ ಗುರುತನ್ನು ಮಾತ್ರ ಇಡಬೇಕು.

ಶ್ರಾವಕನು ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಎಲ್ಲೆಂದರಲ್ಲಿ ಚೆಲ್ಲದೆ ಅದೇ ಜಲಾಶಯಕ್ಕೆ ಮರಳಿಸುತ್ತಾನೆ. ಪರಿಶೋಧನೆಯ ಧರ್ಮವೂ ಇದೇ. ತಡೆದ ನಮೂದನ್ನು ಅಳಿಸಿಹಾಕದೆ, ದೋಷವೇನೆಂದು ಕನ್ನಡದಲ್ಲಿ ಸ್ಪಷ್ಟವಾಗಿ ತಿಳಿಸಿ, ಬರೆದವರಿಗೇ ಮರಳಿಸತಕ್ಕದ್ದು.