ಸಮುದ್ರದ ಮೇಲಿನ ಪಂಖದ ವಿಮಾನ: ವಿಕ್ರಾಂತದ ಅಲಿಜೆ ನೆನಪು



ನಮ್ಮ ಕೊಲ್ಹಾಪುರ ಜಿಲ್ಲೆಯಲ್ಲಿ ಫೌಜಿಗೆ ಹೋದವರಿಲ್ಲದ ಊರು ಹುಡುಕುವುದು ಕಷ್ಟ. ಶಿರೋಳ ತಾಲ್ಲೂಕಿನ ಟಾಕಳಿಗೆ ಜನರೇ ‘ಸೈನಿಕ ಟಾಕಳಿ’ ಎಂದು ಹೆಸರಿಟ್ಟಿದ್ದಾರೆ. ಆದರೆ ನಮ್ಮ ಮನೆಗಳಲ್ಲಿ ಕೇಳುವ ಕಥೆಗಳೆಲ್ಲ ಹೆಚ್ಚಾಗಿ ಭೂಸೇನೆಯವು. ನೌಕಾದಳದ ಮಾತು ಅಪರೂಪ, ಅದರಲ್ಲೂ ಹಡಗಿನ ಮೇಲಿಂದ ವಿಮಾನ ಹಾರಿಸಿದವರ ಮಾತು ಇನ್ನೂ ಅಪರೂಪ. ಆ ಪೈಲಟ್‌ಗಳು ಇಂದು ಎಪ್ಪತ್ತು, ಎಂಬತ್ತು ದಾಟಿದವರು. ಅವರು ಹಾರಿಸಿದ ಹಡಗೂ ಉಳಿದಿಲ್ಲ. ಹಾಗಾಗಿ ಈ ಸಲ ನಾವು ಅಲಿಜೆ ಎಂಬ ಹಳೆಯ ವಿಮಾನದ ಬಗ್ಗೆ ಬರೆಯುತ್ತಿದ್ದೇವೆ.

1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ಐಎನ್ಎಸ್ ವಿಕ್ರಾಂತ ನಮ್ಮ ನೌಕಾದಳಕ್ಕೆ ಸೇರಿತು. ಅದರ ಮೇಲೆ ಎರಡು ಬಗೆಯ ವಿಮಾನಗಳಿದ್ದವು. ಒಂದು ಬ್ರಿಟಿಷರ ಸೀ ಹಾಕ್, ಅದು ಜೆಟ್. ಇನ್ನೊಂದು ಫ್ರಾನ್ಸಿನ ಬ್ರೆಗೆ ಕಂಪನಿಯ ಅಲಿಜೆ. ಇದಕ್ಕೆ ಮೂಗಿನಲ್ಲಿ ದೊಡ್ಡ ಪಂಖ, ಒಳಗೆ ರೋಲ್ಸ್ ರಾಯ್ಸ್‌ನ ಡಾರ್ಟ್ ಎಂಬ ಟರ್ಬೊಪ್ರಾಪ್ ಎಂಜಿನ್, ಕುಳಿತುಕೊಳ್ಳಲು ಮೂವರು. ಅಲಿಜೆ ಎಂದರೆ ಫ್ರೆಂಚ್ ಭಾಷೆಯಲ್ಲಿ ವಾಣಿಜ್ಯ ಮಾರುತ, ಅಂದರೆ ಹಿಂದೆ ಹಾಯಿ ಹಡಗುಗಳನ್ನು ದಡ ಸೇರಿಸುತ್ತಿದ್ದ ಗಾಳಿ. ಈ ವಿಮಾನಗಳ ದಳಕ್ಕೆ 310 ಎಂಬ ಸಂಖ್ಯೆ, ‘ಕೋಬ್ರಾಸ್’ ಎಂಬ ಹೆಸರು.

ಅದರ ಕೆಲಸ ಜಲಾಂತರ್ಗಾಮಿ ಹುಡುಕುವುದು. ಡೀಸೆಲ್ ಜಲಾಂತರ್ಗಾಮಿ ಎಷ್ಟು ಹೊತ್ತು ಮುಳುಗಿದ್ದರೂ ಬ್ಯಾಟರಿ ಚಾರ್ಜ್ ಮಾಡಲು ಒಮ್ಮೆ ನೀರಿನ ಮೇಲ್ಮೈ ಹತ್ತಿರ ಬಂದು ಗಾಳಿಯ ಕೊಳವೆಯನ್ನು ಹೊರಹಾಕಲೇಬೇಕು. ಆ ಸಣ್ಣ ಕೊಳವೆಯನ್ನು ಅಲೆಗಳ ನಡುವೆ ರಾಡಾರ್‌ನಲ್ಲಿ ಹಿಡಿಯಬೇಕು. ಅಲಿಜೆಯ ರಾಡಾರ್ ಹೊಟ್ಟೆಯೊಳಗಿಂದ ಕೆಳಗೆ ಇಳಿಯುತ್ತಿತ್ತು, ಕೆಲಸ ಮುಗಿದ ಮೇಲೆ ಮತ್ತೆ ಒಳಗೆ ಹೋಗುತ್ತಿತ್ತು. ಇದರ ಜೊತೆಗೆ ಸದ್ದು ಆಲಿಸುವ ತೇಲುಬುರುಡೆಗಳನ್ನು ನೀರಿಗೆ ಹಾಕಿ, ಅವು ಕಳಿಸುವ ಸದ್ದಿಗೆ ಕಿವಿಗೊಟ್ಟು ಕೂರಬೇಕು. ಇಂಥ ಕೆಲಸಕ್ಕೆ ವೇಗ ಬೇಡ, ಗಂಟೆಗಟ್ಟಲೆ ಒಂದೇ ಕಡೆ ಸುತ್ತುವ ತಾಳ್ಮೆ ಬೇಕು. ಜೆಟ್ ಆ ಎತ್ತರದಲ್ಲಿ ಇಂಧನ ಕುಡಿದು ಬೇಗ ವಾಪಸಾಗಬೇಕಾಗುತ್ತದೆ. ಪಂಖದ ವಿಮಾನ ಅಷ್ಟೇ ಇಂಧನದಲ್ಲಿ ನಾಲ್ಕೈದು ಗಂಟೆ ಸಮುದ್ರದ ಮೇಲೆ ಇರಬಲ್ಲದು.

ನಿಧಾನದ, ಗದ್ದಲದ ಈ ವಿಮಾನವನ್ನು ಹಾರಿಸಿದವರು ಅದನ್ನು ಯಾಕೆ ಅಷ್ಟು ಪ್ರೀತಿಸಿದರು? ಇಚಲಕರಂಜಿಯ ನಮ್ಮ ಸದಸ್ಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಸ ಏರ್‌ಜೆಟ್ ಮಗ್ಗಗಳು ಬಂದರೂ ಹಳೆಯ ಶಟಲ್ ಮಗ್ಗದ ಸದ್ದಿನಲ್ಲೇ ಎಲ್ಲಿ ತೊಂದರೆ ಎಂದು ಹೇಳಬಲ್ಲ ಹಿರಿಯರು ಅಲ್ಲಿದ್ದಾರೆ. ಯಂತ್ರ ತನ್ನ ಸ್ಥಿತಿಯನ್ನು ಕೈಗೆ, ಕಿವಿಗೆ ಹೇಳುತ್ತಿದ್ದರೆ ಅದರ ಮೇಲೆ ನಂಬಿಕೆ ಹುಟ್ಟುತ್ತದೆ.

ಹಡಗಿನ ಮೇಲೆ ಇಳಿಯುವಾಗ ಆ ನಂಬಿಕೆಯೇ ಜೀವ ಉಳಿಸುವುದು. ಕೊಲ್ಹಾಪುರದ ಉಜಳಾಯಿವಾಡಿಯ ರನ್‌ವೇ ಸುಮಾರು ಎರಡು ಕಿಲೋಮೀಟರ್ ಉದ್ದ. ವಿಕ್ರಾಂತದ ಪೂರ್ತಿ ಉದ್ದವೇ 213 ಮೀಟರ್, ಅದರಲ್ಲಿ ಇಳಿಯಲು ಸಿಗುತ್ತಿದ್ದದ್ದು ಒಂದು ಭಾಗ ಮಾತ್ರ. ಅದೂ ನಿಂತಲ್ಲಿ ನಿಲ್ಲದ ರನ್‌ವೇ. ಮುಂದಕ್ಕೆ ಸಾಗುತ್ತಿರುತ್ತದೆ, ಅಲೆಗೆ ಏರಿ ಇಳಿಯುತ್ತಿರುತ್ತದೆ. ವಿಮಾನದ ಬಾಲದಲ್ಲಿರುವ ಕೊಕ್ಕೆ ಡೆಕ್ಕಿನ ಮೇಲೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಗಳಲ್ಲಿ ಒಂದನ್ನು ಹಿಡಿಯಬೇಕು. ಹಿಡಿಯದಿದ್ದರೆ ಆ ಕ್ಷಣದಲ್ಲೇ ಪೂರ್ತಿ ಶಕ್ತಿ ಕೊಟ್ಟು ಡೆಕ್ಕಿನ ಓರೆ ಭಾಗದಿಂದ ಮತ್ತೆ ಮೇಲೇರಬೇಕು. ಪೈಲಟ್‌ಗೆ ದಾರಿ ತೋರಿಸಲು ಡೆಕ್ಕಿನ ಪಕ್ಕದಲ್ಲಿ ಕನ್ನಡಿಯ ದೀಪ ಇರುತ್ತಿತ್ತು. ದೀಪದ ಬಿಂದು ಮೇಲೆ ಹೋದರೆ ನೀವು ಎತ್ತರದಲ್ಲಿದ್ದೀರಿ, ಕೆಳಗೆ ಹೋದರೆ ತಗ್ಗಿನಲ್ಲಿದ್ದೀರಿ ಎಂದರ್ಥ.

ಪಂಖದ ಗುಣ ಕಾಣಿಸುವುದು ಇಲ್ಲೇ. ಆ ಕಾಲದ ಜೆಟ್ ಎಂಜಿನ್‌ಗೆ ಥ್ರಾಟಲ್ ಒತ್ತಿದರೆ ಶಕ್ತಿ ಪೂರ್ತಿ ಬರಲು ಕೆಲವು ಸೆಕೆಂಡು ಬೇಕಾಗುತ್ತಿತ್ತು. ಡೆಕ್ಕಿನ ಹತ್ತಿರ ಅಷ್ಟು ಸೆಕೆಂಡು ಯಾರ ಬಳಿಯೂ ಇರುವುದಿಲ್ಲ. ಟರ್ಬೊಪ್ರಾಪ್‌ನಲ್ಲಿ ಪಂಖ ಆಗಲೇ ಜೋರಾಗಿ ಸುತ್ತುತ್ತಿರುತ್ತದೆ, ಥ್ರಾಟಲ್ ಮುಂದೆ ಹೋದಂತೆ ಅದರ ಅಲಗುಗಳ ಕೋನ ಬದಲಾಗಿ ಎಳೆತ ಕೂಡಲೇ ಹೆಚ್ಚುತ್ತದೆ. ಪಂಖ ಹಿಂದಕ್ಕೆ ತಳ್ಳುವ ಗಾಳಿ ರೆಕ್ಕೆಯ ಒಳಭಾಗದ ಮೇಲೆ ಹರಿದು ಅಲ್ಲೂ ಒಂದಿಷ್ಟು ಎತ್ತುಗೆ ಸಿಗುತ್ತದೆ. ಹಾಗೆಂದು ಅದು ಸಾಧು ಹಸುವೇನಲ್ಲ. ಒಮ್ಮೆಲೇ ಶಕ್ತಿ ಕೊಟ್ಟರೆ ಮೂಗನ್ನು ಪಕ್ಕಕ್ಕೆ ಎಳೆಯುತ್ತದೆ, ಪೈಲಟ್‌ನ ಕಾಲು ಸದಾ ರಡ್ಡರ್ ಪೆಡಲಿನ ಮೇಲೆ ಎಚ್ಚರವಾಗಿರಬೇಕು.

1971ರ ಡಿಸೆಂಬರಿನಲ್ಲಿ ವಿಕ್ರಾಂತ ಬಂಗಾಳ ಕೊಲ್ಲಿಗೆ ಹೋದಾಗ ಅದರ ಒಂದು ಬಾಯ್ಲರ್‌ನಲ್ಲಿ ಬಿರುಕು ಬಿಟ್ಟಿತ್ತು, ಹಡಗು ತನ್ನ ಪೂರ್ತಿ ವೇಗದಲ್ಲಿ ಓಡುವಂತಿರಲಿಲ್ಲ. ವಿಮಾನ ಏರಲು ಬೇಕಾದ ಎದುರುಗಾಳಿಯಲ್ಲಿ ಹಡಗಿನ ವೇಗವೂ ಸೇರಿರುತ್ತದೆ. ಹಾಗಾಗಿ ಸಮುದ್ರದ ಗಾಳಿ, ಇಂಧನ, ಬಾಂಬಿನ ತೂಕ ಎಲ್ಲವನ್ನೂ ಲೆಕ್ಕ ಹಾಕಿಯೇ ಉಗಿಯ ಕೆಟಪಲ್ಟ್ ಮೇಲೆ ವಿಮಾನ ಇಡಬೇಕಾಗಿತ್ತು. ಹಗಲಿನಲ್ಲಿ ಸೀ ಹಾಕ್‌ಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ರಾತ್ರಿಯ ಸರದಿ ಅಲಿಜೆಗಳದ್ದು. ಕಾರಿರುಳಿನಲ್ಲಿ ಹೋಗಿ, ದೀಪ ಆರಿಸಿಕೊಂಡು ಸಾಗುವ ತಮ್ಮ ಹಡಗನ್ನು ಮತ್ತೆ ಹುಡುಕಿ ಇಳಿಯುವುದೆಂದರೆ ಪೈಲಟ್‌ನ ಹಿಂದೆ ರಾಡಾರ್ ನೋಡುತ್ತ ಕುಳಿತವರ ಮೇಲೆ ಪೂರ್ತಿ ಭರವಸೆ ಇಡಬೇಕು. ಆ ಮೂವರ ಸಂಬಂಧವನ್ನು ಒಂಟಿಯಾಗಿ ಹಾರುವ ಜೆಟ್ ಪೈಲಟ್‌ಗೆ ವಿವರಿಸುವುದು ಕಷ್ಟವೇ.

ಪಶ್ಚಿಮ ದಿಕ್ಕಿನಲ್ಲಿ ಡಿಸೆಂಬರ್ 9ರ ರಾತ್ರಿ ನಮ್ಮ ಐಎನ್ಎಸ್ ಖುಕ್ರಿಯನ್ನು ಪಾಕಿಸ್ತಾನದ ಜಲಾಂತರ್ಗಾಮಿ ಮುಳುಗಿಸಿತು. ಮರುದಿನ ಅರಬ್ಬಿ ಸಮುದ್ರದ ಮೇಲೆ ಒಂದು ಅಲಿಜೆ ಪಾಕಿಸ್ತಾನದ ಸ್ಟಾರ್‌ಫೈಟರ್ ಜೆಟ್‌ಗೆ ಸಿಕ್ಕಿಬಿತ್ತು. ಓಡಿ ತಪ್ಪಿಸಿಕೊಳ್ಳುವ ವೇಗ ಅದಕ್ಕಿರಲಿಲ್ಲ. ಮೂವರೂ ಮರಳಲಿಲ್ಲ. ಅಲಿಜೆಯ ಮೇಲಿನ ಪ್ರೀತಿಯ ಮಾತು ಆಡುವಾಗ ನಾವು ಇದನ್ನು ಬಿಟ್ಟು ಆಡಬಾರದು.

ಇನ್ನು ಗಡಹಿಂಗ್ಲಜದವರಿಗಾಗಿ ಒಂದು ಮಾತು. ನೌಕಾದಳದ ಹುಡುಗರೂ ಹಾರಾಟದ ಅಕ್ಷರಾಭ್ಯಾಸ ಮಾಡುತ್ತಿದ್ದದ್ದು ವಾಯುಪಡೆಯ ಶಾಲೆಗಳಲ್ಲಿ. ಆ ಶಾಲೆಗಳ ಪಾಟಿ ಎಂದರೆ ಬೆಂಗಳೂರಿನ ಎಚ್‌ಎಎಲ್‌ನ ಎಚ್‌ಟಿ-2, ಎರಡು ಸೀಟಿನ ಪಂಖದ ವಿಮಾನ. 1951ರ ಆಗಸ್ಟ್ 5ರಂದು ಮೊದಲ ಬಾರಿ ಹಾರಿದ ಅದನ್ನು ವಿನ್ಯಾಸ ಮಾಡಿದ ತಂಡದ ಮುಖ್ಯಸ್ಥರು ಡಾ. ವಿ. ಎಂ. ಘಾಟಗೆ, ನಮ್ಮ ಗಡಹಿಂಗ್ಲಜ ಪಕ್ಕದ ಹಸೂರಚಂಪು ಊರಿನವರು! ಜರ್ಮನಿಯ ಗಾಟಿಂಗೆನ್‌ನಲ್ಲಿ ಲುಡ್‌ವಿಗ್ ಪ್ರಾಂಟ್ಲ್ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿ ಬಂದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗವನ್ನು ಶುರು ಮಾಡಿದವರು. ಮರಾಠಿ ಮನೆ, ಕನ್ನಡ ನಾಡಿನ ಕಾರ್ಖಾನೆ. ಗಡಿಯ ಊರಿನ ನಮಗೆ ಇದು ಹೊಸದೇನಲ್ಲ. ಆದರೆ ಈ ಹೆಸರು ಗೊತ್ತಿರುವ ಶಾಲಾ ಮಕ್ಕಳು ನಮ್ಮಲ್ಲಿ ಎಷ್ಟು ಜನ?

1987ರಲ್ಲಿ ಅಲಿಜೆಗಳು ವಿಕ್ರಾಂತದಿಂದ ಇಳಿದವು. ಲಂಬವಾಗಿ ಇಳಿಯುವ ಸೀ ಹ್ಯಾರಿಯರ್ ಜೆಟ್‌ಗಳಿಗಾಗಿ ಡೆಕ್ಕಿನ ಮುಂಭಾಗಕ್ಕೆ ಏರು ಕಟ್ಟಿದರು, ಕೆಟಪಲ್ಟ್ ಹೋಯಿತು. ಕೆಟಪಲ್ಟ್ ಇಲ್ಲದೆ ಅಲಿಜೆ ಏರುವಂತಿರಲಿಲ್ಲ. ಕೆಲವು ವರ್ಷ ಗೋವೆಯ ದಾಬೋಳಿಯಿಂದ ಹಾರಿ 1991ರಲ್ಲಿ ನಿವೃತ್ತಿಯಾದವು. ವಿಕ್ರಾಂತವೂ 1997ರಲ್ಲಿ ಸೇವೆ ಮುಗಿಸಿ ಮುಂಬಯಿಯಲ್ಲಿ ಕೆಲಕಾಲ ಸಂಗ್ರಹಾಲಯವಾಗಿತ್ತು, 2014ರಲ್ಲಿ ಗುಜರಿಗೆ ಹೋಯಿತು. ಅದರ ಉಕ್ಕು ಸೇರಿಸಿ ಮಾಡಿದ ಬಜಾಜ್ ವಿ ಬೈಕುಗಳು ನಮ್ಮ ಬೀದಿಗಳಲ್ಲೂ ಓಡಾಡಿವೆ.

ವಿಮಾನವನ್ನು ಮಾತ್ರ ಇನ್ನೂ ನೋಡಬಹುದು. ಗೋವೆಯ ದಾಬೋಳಿ ಹತ್ತಿರ, ಬೊಗ್ಮಾಳೊ ರಸ್ತೆಯ ನೌಕಾ ವಿಮಾನಯಾನ ಸಂಗ್ರಹಾಲಯದ ಅಂಗಳದಲ್ಲಿ ಅಲಿಜೆ ನಿಂತಿದೆ. ಗಡಹಿಂಗ್ಲಜದವರಿಗೆ ಆಜರಾ, ಅಂಬೋಲಿ, ಸಾವಂತವಾಡಿ ಮೇಲೆ ದಾರಿ. ಕಾರವಾರದ ಕಡೆಗೂ ಹೋಗುವವರು ಅಲ್ಲಿನ ಕಡಲ ತೀರದಲ್ಲಿಟ್ಟಿರುವ ಟುಪೊಲೆವ್-142 ವಿಮಾನವನ್ನೂ ನೋಡಿ ಬನ್ನಿ. ಅದು ಹಡಗಿನದಲ್ಲ, ನೆಲದಿಂದಲೇ ಹಾರುತ್ತಿದ್ದದ್ದು, ಆದರೆ ಅದಕ್ಕೂ ಪಂಖಗಳೇ. ಮನೆಯಲ್ಲಿ ನೌಕಾದಳದಲ್ಲಿದ್ದ ಹಿರಿಯರಿದ್ದರೆ, ಪೈಲಟ್ ಆಗಿರಲಿ, ಡೆಕ್ಕಿನ ಮೇಲೆ ವಿಮಾನ ತಳ್ಳಿದವರಾಗಿರಲಿ, ಅವರನ್ನೂ ಕರೆದುಕೊಂಡು ಹೋಗಿ. ಅವರು ಹೇಳಿದ್ದನ್ನು ಕನ್ನಡದಲ್ಲೋ ಮರಾಠಿಯಲ್ಲೋ ಎರಡು ಪುಟ ಬರೆದು ನಮಗೆ ಕಳಿಸಿ, ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.