ಇಡಿಗಂಟಿಲ್ಲದವರ ಸೌರದೀಪ

ಬಡವರಿಗೆ ಸೌರವಿದ್ಯುತ್ ಎಟಕುವುದಿಲ್ಲ ಎಂಬ ಮಾತನ್ನು ಒಪ್ಪದೆ 1995ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆ ಸೆಲ್ಕೊ. ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೆ ಈ ಸಂಸ್ಥೆಯ ದೊಡ್ಡ ಸಾಧನೆ ನಡೆದದ್ದು ಚಾವಣಿಯ ಮೇಲಲ್ಲ, ಗ್ರಾಮೀಣ ಬ್ಯಾಂಕಿನ ಸಾಲದ ಕೌಂಟರಿನಲ್ಲಿ. ಸೀಮೆಎಣ್ಣೆಗೂ ಮೇಣದಬತ್ತಿಗೂ ಬಡವರು ಮೊದಲಿನಿಂದಲೂ ದುಡ್ಡು ಸುರಿಯುತ್ತಲೇ ಬಂದಿದ್ದಾರೆ. ಅವರ ಬಳಿ ಇಲ್ಲದ್ದು ಇಡಿಗಂಟು. ಬೀದಿಬದಿಯ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ ಎಂದು ಹಂದೆ ವಿವರಿಸುತ್ತಾರೆ. ಮೊತ್ತ ಒಂದೇ, ಆದರೆ ದುಡಿಮೆ ಕೈಗೆ ಬರುವ ರೀತಿಯೇ ಬೇರೆ. ಹಾಲು ಹಾಕುವವರಿಗೆ ಡೇರಿ ಬಟವಾಡೆ, ಅಡಕೆ ಬೆಳೆಗಾರರಿಗೆ ಕೊಯ್ಲು, ಕೂಲಿಯವರಿಗೆ ದಿನದ ಸಂಜೆ: ಕಂತು ಆಯಾ ಲಯಕ್ಕೆ ಹೊಂದಿದರೆ ಸಾಲ ತೀರುತ್ತದೆ. ಬೆಂಗಳೂರಿನ ತಳ್ಳುಗಾಡಿಯವರಿಗಾಗಿ ಒಬ್ಬ ಉದ್ಯಮಿ ಹಗಲೆಲ್ಲ ಬ್ಯಾಟರಿಗಳನ್ನು ಚಾರ್ಜ್ ಮಾಡಿ, ಸಂಜೆ ಗಾಡಿಗಾಡಿಗೆ ದೀಪ ಬಾಡಿಗೆಗೆ ಕೊಡುವ ಏರ್ಪಾಡೂ ಇದೇ ಲೆಕ್ಕದಿಂದ ಹುಟ್ಟಿತು. ಸಾಲ ಪಡೆದವನು ಆ ಉದ್ಯಮಿ. ಗಾಡಿಯವರಿಗೆ ಸಾಲದ ಗೊಡವೆಯೇ ಇಲ್ಲ. ಬ್ಯಾಂಕುಗಳನ್ನು ಒಪ್ಪಿಸುವುದಕ್ಕೂ ಹೊರಗಿನ ಒತ್ತಾಸೆ ಬೇಕಾಯಿತು: 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಸೌರಸಾಲದ ಬಡ್ಡಿಗೆ ನೆರವು ನೀಡಿತು.

ಬಡವರ ತಲೆಗೆ ಮತ್ತೊಂದು ಸಾಲವೇ ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ. ಕಿರುಸಾಲದ ವಸೂಲಿಗಾರರ ಕಾಟ ಮಿತಿಮೀರಿದ್ದರಿಂದಲೇ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆದರೆ ಮದುವೆಗೋ ಹಳೆಯ ಸಾಲ ತೀರಿಸಲಿಕ್ಕೋ ಮಾಡಿದ ಸಾಲಕ್ಕೂ, ಸೀಮೆಎಣ್ಣೆಯ ಖರ್ಚನ್ನು ಉಳಿಸುವ ಇಲ್ಲವೇ ಹೊಲಿಗೆಯಂತ್ರ ಓಡಿಸಿ ಆದಾಯ ತರುವ ಸಾಲಕ್ಕೂ ವ್ಯತ್ಯಾಸವಿದೆ. ಉಳಿತಾಯಕ್ಕಿಂತ ಕಂತು ದೊಡ್ಡದಾದರೆ ಮಾತ್ರ ಸೌರಸಾಲವೂ ಉರುಳೇ. ಹಾಗಾದರೆ ಸರ್ಕಾರವೇ ಪುಕ್ಕಟೆ ಹಂಚಲಿ ಎಂಬ ವಾದ ಆಕರ್ಷಕ. ಆದರೆ ಪ್ಯಾನೆಲ್ ವರ್ಷಗಟ್ಟಲೆ ಬಾಳುತ್ತದೆ, ಬ್ಯಾಟರಿ ಅಷ್ಟು ಬಾಳುವುದಿಲ್ಲ. ಲೆಡ್-ಆ್ಯಸಿಡ್ ಬ್ಯಾಟರಿಗೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕದೆ, ಟರ್ಮಿನಲ್‌ಗೆ ಹಿಡಿದ ಬಿಳಿ ಕಿಲುಬು ಒರೆಸದೆ ಬಿಟ್ಟರೆ ದೀಪ ನಂದುತ್ತದೆ, ಹಂಚಿದವರು ಅಷ್ಟರಲ್ಲಿ ಊರು ಬಿಟ್ಟಿರುತ್ತಾರೆ. ಸಾಲದ ದೀಪವಾದರೆ, ಕಂತು ಬಾಕಿ ಇರುವಷ್ಟು ಕಾಲ ದುರಸ್ತಿಯವನನ್ನು ಕರೆಸಲು ಗಿರಾಕಿಯ ಕೈಯಲ್ಲೊಂದು ಹಿಡಿತವಿರುತ್ತದೆ, ಸಾಲ ಮರಳಬೇಕಾದ ಬ್ಯಾಂಕಿಗೂ ದೀಪ ಉರಿಯುವುದು ಬೇಕು. ಊರೂರಿಗೆ ವಿದ್ಯುತ್ ತಂತಿ ಬಂದ ಮೇಲೂ ಕರೆಂಟು ಕೈಕೊಡುವ ಹಳ್ಳಿಗಳಲ್ಲಿ ಈ ಲೆಕ್ಕ ಹಳತಾಗಿಲ್ಲ.

ಸೌರಸಾಲಕ್ಕೆ ಸಹಿ ಹಾಕುವ ಮುನ್ನ ಓದುಗರು ಬಡ್ಡಿದರದ ಜೊತೆಗೆ ಇನ್ನೆರಡನ್ನು ಕೇಳಲಿ: ಬ್ಯಾಟರಿ ಸತ್ತಾಗ ಯಾರು ಬರುತ್ತಾರೆ, ಆದಾಯವಿಲ್ಲದ ತಿಂಗಳಲ್ಲಿ ಕಂತು ಮುಂದೂಡಬಹುದೇ? ಉತ್ತರ ಬರವಣಿಗೆಯಲ್ಲಿ ಸಿಗದಿದ್ದರೆ ಆ ಸಾಲ ಬೇಡ.