ಮೇಲ್ ನಿನ್ನೆ ಹೀಗಿರಲಿಲ್ಲವಲ್ಲ!

ಪ್ಲೇಸ್‌ಮೆಂಟ್ ಸೀಸನ್ ಶುರುವಾದರೆ ಹಾಸ್ಟೆಲ್‌ನಲ್ಲಿ ವಾರಕ್ಕೊಮ್ಮೆಯಾದರೂ ಕೇಳುವ ಮಾತು: "ಆ ಮೇಲ್ ನನಗೆ ಬಂದೇ ಇಲ್ಲ ಕಣೋ." ಎಷ್ಟೋ ಸಲ ಮೇಲ್ ಬಂದಿರುತ್ತೆ, ಕಣ್ಣಿಗೆ ಬಿದ್ದಿರೋಲ್ಲ ಅಷ್ಟೇ. ಎರಡು ದಿನದ ಹಿಂದೆ ಹೊಸದು ಮೇಲೆ ಕಾಣ್ತಿದ್ದ ಇನ್‌ಬಾಕ್ಸ್, ಇವತ್ತು ಹಳೆಯದನ್ನು ಮೇಲೆ ತೋರಿಸ್ತಿರುತ್ತೆ. ಅಥವಾ ಓದದ ಮೇಲ್ ಮಾತ್ರ ತೋರಿಸ್ತಿರುತ್ತೆ. ಅಥವಾ ಕೆಳಗಿನ ಓದುವ ಕಿಟಕಿಯೇ ಮಾಯ. ದೇವನಹಳ್ಳಿ ಏರೋಸ್ಪೇಸ್ ಪಾರ್ಕ್‌ನ ಕಂಪನಿಯದ್ದೋ ದಾಬಸ್‌ಪೇಟೆಯ ಕಾರ್ಖಾನೆಯದ್ದೋ ಇಂಟರ್ನ್‌ಶಿಪ್ ಫಾರ್ಮ್ "ಇಂದು ಸಂಜೆ 5ರ ಒಳಗೆ" ಅಂತ ಬಂದಿದ್ದರೆ, ಇಂಥ ಸಣ್ಣ ಬದಲಾವಣೆಗೂ ದೊಡ್ಡ ಬೆಲೆ ತೆರಬೇಕಾಗುತ್ತೆ.

ಸೆಟ್ಟಿಂಗ್ ತಾನಾಗಿಯೇ ಬದಲಾಯ್ತು ಅಂತ ನಮಗೆ ಅನ್ನಿಸಿದರೂ ಪ್ರತಿ ಬದಲಾವಣೆಯ ಹಿಂದೆ ಒಂದು ಕಾರಣ ಇದ್ದೇ ಇರುತ್ತೆ. ಸರ್ಕ್ಯೂಟ್‌ನಲ್ಲಿ ತಪ್ಪು ಹುಡುಕುವಂತೆ ಇದನ್ನೂ ಹಂತ ಹಂತವಾಗಿ ಹುಡುಕಬಹುದು.

ಮೊದಲ ಪ್ರಶ್ನೆ: ಈ ಸೆಟ್ಟಿಂಗ್ ಎಲ್ಲಿ ಕೂತಿದೆ?

ಪರದೆಯ ಮೇಲೆ ಕಾಣುವುದನ್ನು ಮೂರು ಜಾಗಗಳು ನಿರ್ಧರಿಸುತ್ತವೆ.

1. ಸರ್ವರ್. ಜಿಮೇಲ್‌ನ ಇನ್‌ಬಾಕ್ಸ್ ಬಗೆ, ಟ್ಯಾಬ್‌ಗಳು, ಒಂದೇ ವಿಷಯದ ಮೇಲ್‌ಗಳನ್ನು ಗುಂಪು ಮಾಡುವ ಕಾನ್ವರ್ಸೇಷನ್ ವ್ಯೂ, ಇವೆಲ್ಲ ನಿಮ್ಮ ಖಾತೆಗೆ ಅಂಟಿಕೊಂಡಿರುತ್ತವೆ. ಲ್ಯಾಬ್‌ನಲ್ಲಿ ಬದಲಿಸಿದರೆ ರೂಮಿನ ಲ್ಯಾಪ್‌ಟಾಪ್‌ನಲ್ಲೂ ಬದಲಾಗಿರುತ್ತೆ.

2. ಪ್ರೋಗ್ರಾಂ. ಥಂಡರ್‌ಬರ್ಡ್ ಅಥವಾ ಹಳೆಯ ಔಟ್‌ಲುಕ್‌ನ ಕಾಲಮ್‌ಗಳು, ವಿಂಗಡಣೆ, ಕಿಟಕಿಗಳ ಜೋಡಣೆ ಬಹುಮಟ್ಟಿಗೆ ಆ ಕಂಪ್ಯೂಟರಿನ ಪ್ರೊಫೈಲ್‌ನಲ್ಲಿರುತ್ತವೆ.

3. ಸಿಸ್ಟಂ ಮತ್ತು ಬ್ರೌಸರ್. ಅಕ್ಷರದ ಗಾತ್ರ, ಫಾಂಟ್, ಜೂಮ್, ಡಾರ್ಕ್ ಮೋಡ್.

ಪತ್ತೆ ಮಾಡೋಕೆ ಎರಡು ನಿಮಿಷ ಸಾಕು. ಅದೇ ಖಾತೆಯನ್ನು ಮೊಬೈಲ್‌ನಲ್ಲೋ ಇನ್ನೊಂದು ಬ್ರೌಸರ್‌ನಲ್ಲೋ ತೆರೆಯಿರಿ. ಅಲ್ಲೂ ಮೇಲ್ ಕಾಣದಿದ್ದರೆ ತೊಂದರೆ ಸರ್ವರ್ ಕಡೆಯದು: ಸ್ಪ್ಯಾಮ್, ಫಿಲ್ಟರ್, ಆರ್ಕೈವ್ ನೋಡಿ. ಅಲ್ಲಿ ಸರಿಯಾಗಿದ್ದರೆ ನಿಮ್ಮ ಮುಂದಿರುವ ಪ್ರೋಗ್ರಾಂ ಅಥವಾ ಸಿಸ್ಟಂನಲ್ಲೇ ಹುಡುಕಬೇಕು. ಇಷ್ಟನ್ನು ಮಾಡದೆ ನೇರ ಅನ್‌ಇನ್‌ಸ್ಟಾಲ್‌ಗೆ ಕೈ ಹಾಕ್ಬೇಡಿ. ಎಷ್ಟೋ ಸಲ ಪ್ರೊಫೈಲ್ ಹಾಗೇ ಉಳಿದಿರುತ್ತೆ, ಮತ್ತೆ ಇನ್‌ಸ್ಟಾಲ್ ಮಾಡಿದಾಗ ಅದೇ ತೊಂದರೆ ವಾಪಸ್ ಬರುತ್ತೆ.

ಥಂಡರ್‌ಬರ್ಡ್: ಕೈತಪ್ಪಿ ಒತ್ತಿದ ಕೀಲಿಗಳು

ಓದುವ ಕಿಟಕಿ ಮಾಯವಾದರೆ ಮೊದಲು ಎಫ್8 ಒತ್ತಿ. ಆ ಕಿಟಕಿಯನ್ನು ತೆರೆಯೋದೂ ಮುಚ್ಚೋದೂ ಅದೇ ಕೀಲಿ. ಅಕ್ಷರ ದಪ್ಪಗೋ ಚಿಕ್ಕದಾಗೋ ಆಗಿದ್ದರೆ ಕಂಟ್ರೋಲ್ ಜೊತೆ ಸೊನ್ನೆ ಒತ್ತಿದರೆ ಜೂಮ್ ಮೊದಲಿನಂತಾಗುತ್ತೆ. ಮೆನು ಸಾಲು ಕಾಣದಿದ್ದರೆ ಆಲ್ಟ್ ಒತ್ತಿ.

ಮೇಲ್‌ಗಳೇ ಕಡಿಮೆಯಾದಂತೆ ಕಂಡರೆ ಪಟ್ಟಿಯ ಮೇಲಿರುವ ಕ್ವಿಕ್ ಫಿಲ್ಟರ್ ನೋಡಿ. ಅಲ್ಲಿ "ಓದದ ಮೇಲ್ ಮಾತ್ರ" ಎಂಬ ಗುಂಡಿ ಒತ್ತಿದ್ದರೆ ಒಮ್ಮೆ ಓದಿದ್ದೆಲ್ಲ ಪಟ್ಟಿಯಿಂದ ಮರೆಯಾಗುತ್ತೆ. ಅದರ ಪಕ್ಕದಲ್ಲೇ ಪಿನ್ ಗುರುತಿದೆ. ಅದು ಒತ್ತಿದ್ದರೆ ಒಂದು ಫೋಲ್ಡರ್‌ನಲ್ಲಿ ಹಾಕಿದ ಫಿಲ್ಟರ್ ಬೇರೆ ಫೋಲ್ಡರ್‌ಗಳಿಗೂ ನಿಮ್ಮ ಹಿಂದೆಯೇ ಬರುತ್ತೆ. "ಎಲ್ಲ ಫೋಲ್ಡರ್‌ನಲ್ಲೂ ಮೇಲ್ ಹೋಯ್ತು" ಅನ್ನೋ ಗಾಬರಿಗೆ ಸಾಮಾನ್ಯವಾಗಿ ಇದೇ ಕಾರಣ.

ಕ್ರಮ ತಲೆಕೆಳಗಾಗಿದ್ದರೆ ಕಾಲಮ್ ತಲೆಬರಹದ ಮೇಲೆ ಕ್ಲಿಕ್ ಆಗಿರುತ್ತೆ. ದಿನಾಂಕದ ಕಾಲಮ್ ಮೇಲೆ ಒಮ್ಮೆ ಕ್ಲಿಕ್ಕಿಸಿ, ಸರಿಹೋಗದಿದ್ದರೆ ಇನ್ನೊಮ್ಮೆ. ವಿಂಗಡಣೆ ಮತ್ತು ಕಾಲಮ್‌ಗಳು ಪ್ರತಿ ಫೋಲ್ಡರ್‌ಗೂ ಬೇರೆ ಬೇರೆ ಅನ್ನೋದು ನೆನಪಿರಲಿ. ಇನ್‌ಬಾಕ್ಸ್ ಸರಿ ಮಾಡಿದ್ರೂ "ಪ್ಲೇಸ್‌ಮೆಂಟ್" ಫೋಲ್ಡರ್ ಹಳೆಯ ಹಾಗೇ ಇರುತ್ತೆ. ಪಟ್ಟಿಯ ಕಾಲಮ್ ಮೆನುವಿನಲ್ಲೇ ಒಂದು ಫೋಲ್ಡರ್‌ನ ಜೋಡಣೆಯನ್ನು ಮಿಕ್ಕವಕ್ಕೂ ಹಚ್ಚುವ ಆಯ್ಕೆ ಇದೆ.

ಇಡೀ ಪರದೆಯೇ ಬೇರೆ ಥರ ಆಗಿದ್ದರೆ ಅಪ್‌ಡೇಟ್ ಆಗಿದೆಯಾ ನೋಡಿ. ಜುಲೈ 2023ರಲ್ಲಿ "ಸೂಪರ್‌ನೋವಾ" ಹೆಸರಿನ 115ನೇ ಆವೃತ್ತಿ ಬಂದಾಗ ವಿನ್ಯಾಸ ಬಹಳಷ್ಟು ಬದಲಾಯ್ತು, ಪಟ್ಟಿಗೆ ಕಾರ್ಡ್ ವ್ಯೂ ಬಂತು. ಹಳೆಯ ಸಾಲುಗಳೇ ಬೇಕೆಂದರೆ ಪಟ್ಟಿಯ ಮೇಲ್ತುದಿಯ ಆಯ್ಕೆಗಳಲ್ಲಿ ಟೇಬಲ್ ವ್ಯೂ ಆರಿಸಿ.

ಸರಿ ಮಾಡಿದ್ದು ಮರುದಿನ ಮತ್ತೆ ಹಾಳಾಗ್ತಿದ್ದರೆ?

ಇದು ಸ್ವಾರಸ್ಯದ ಪ್ರಕರಣ. ಥಂಡರ್‌ಬರ್ಡ್ ತನ್ನ ಸೆಟ್ಟಿಂಗ್‌ಗಳನ್ನು ಪ್ರೊಫೈಲ್ ಫೋಲ್ಡರ್‌ನ "ಪ್ರೆಫ್ಸ್ ಡಾಟ್ ಜೆಎಸ್" ಫೈಲಿನಲ್ಲಿಡುತ್ತೆ. ಪ್ರೋಗ್ರಾಂ ಮುಚ್ಚುವಾಗ ಆ ಫೈಲನ್ನು ಮತ್ತೆ ಬರೆಯುತ್ತೆ. ಹಾಗಾಗಿ ಪ್ರೋಗ್ರಾಂ ತೆರೆದಿರುವಾಗ ಅದನ್ನು ನೋಟ್‌ಪ್ಯಾಡ್‌ನಲ್ಲಿ ತಿದ್ದಿದರೆ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತೆ. ಫೈಲು ರೀಡ್-ಓನ್ಲಿ ಆಗಿದ್ದರೆ ಅಥವಾ ಡಿಸ್ಕ್ ಕೋಟಾ ತುಂಬಿದ್ದರೆ ಹೊಸದು ಬರೆಯಲಾಗದೆ ಹಳೆಯದೇ ವಾಪಸ್ ಬರುತ್ತೆ. ಅದೇ ಫೋಲ್ಡರ್‌ನಲ್ಲಿ "ಯೂಸರ್ ಡಾಟ್ ಜೆಎಸ್" ಎಂಬ ಫೈಲಿದ್ದರೆ ಅದರಲ್ಲಿರುವುದೇ ಪ್ರತಿ ಸಲ ತೆರೆದಾಗಲೂ ಗೆಲ್ಲುತ್ತೆ. ನೀವು ಮೆನುವಿನಲ್ಲಿ ಎಷ್ಟು ಸಲ ಬದಲಿಸಿದರೂ ಅಷ್ಟೇ.

ಕಾಲೇಜು ಲ್ಯಾಬ್‌ಗಳಲ್ಲಿ ಇನ್ನೊಂದು ಕಾರಣ ಸೇರುತ್ತೆ. ಹಲವು ಲ್ಯಾಬ್‌ಗಳಲ್ಲಿ ಯಂತ್ರ ರೀಸ್ಟಾರ್ಟ್ ಆದಾಗ ಮೊದಲಿನ ಸ್ಥಿತಿಗೆ ಮರಳುವಂತೆ ಇಟ್ಟಿರುತ್ತಾರೆ. ಅದನ್ನು ವಿದ್ಯಾರ್ಥಿ ಬದಲಿಸೋಕಾಗಲ್ಲ, ಬದಲಿಸೋದೂ ಬೇಡ. ಅಲ್ಲಿ ವೆಬ್‌ಮೇಲ್ ಬಳಸಿ. ಸೆಟ್ಟಿಂಗ್ ಸರ್ವರ್‌ನಲ್ಲಿ ಉಳಿಯುತ್ತೆ, ಯಂತ್ರ ಏನಾದ್ರೂ ಆಗಲಿ.

ಸ್ವಂತ ಯಂತ್ರದಲ್ಲಿ ಆಡ್-ಆನ್ ಮೇಲೆ ಅನುಮಾನವಿದ್ದರೆ ಹೆಲ್ಪ್ ಮೆನುವಿನ ಟ್ರಬಲ್‌ಶೂಟ್ ಮೋಡ್‌ನಲ್ಲಿ ತೆರೆಯಿರಿ. ಅಲ್ಲಿ ಸರಿಯಾಗಿ ಕಂಡರೆ ಆಡ್-ಆನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಒಂದೇ ಫೋಲ್ಡರ್ ಮಾತ್ರ ಕೆಟ್ಟಿದ್ದರೆ ಅದರ ಪ್ರಾಪರ್ಟೀಸ್‌ನಲ್ಲಿ ರಿಪೇರ್ ಫೋಲ್ಡರ್ ಇದೆ. ಅದು ಸೂಚಿ ಫೈಲನ್ನು ಹೊಸದಾಗಿ ಕಟ್ಟುತ್ತೆ. ಕಾಲಮ್ ಜೋಡಣೆಯೂ ಆ ಸೂಚಿಯಲ್ಲೇ ಇರೋದರಿಂದ ಅದನ್ನು ಮತ್ತೊಮ್ಮೆ ಜೋಡಿಸಿಕೊಳ್ಳಬೇಕಾಗಬಹುದು. ಇವಕ್ಕೆ ಕೈ ಹಾಕುವ ಮುಂಚೆ ಥಂಡರ್‌ಬರ್ಡ್ ಮುಚ್ಚಿ, ಇಡೀ ಪ್ರೊಫೈಲ್ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಔಟ್‌ಲುಕ್ ಮತ್ತು ಜಿಮೇಲ್

ಔಟ್‌ಲುಕ್‌ನಲ್ಲಿ ಮೊದಲು ನೋಡಬೇಕಾದ್ದು ಫೋಕಸ್ಡ್ ಇನ್‌ಬಾಕ್ಸ್. ಅದು ಮೇಲ್‌ಗಳನ್ನು "ಫೋಕಸ್ಡ್" ಮತ್ತು "ಅದರ್" ಎಂದು ಎರಡು ಪಾಲು ಮಾಡುತ್ತೆ. ಕಂಪನಿಯ ಎಚ್ಆರ್ ಮೇಲ್ ಎರಡನೆಯದಕ್ಕೆ ಹೋಗಿ ಕೂತಿರಬಹುದು. ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್‌ನಲ್ಲಿ ವ್ಯೂ ಟ್ಯಾಬ್‌ನ ರೀಸೆಟ್ ವ್ಯೂ ಗುಂಡಿ ಆ ಫೋಲ್ಡರ್‌ನ ನೋಟವನ್ನು ಮೊದಲಿನ ಸ್ಥಿತಿಗೆ ತರುತ್ತೆ.

ಜಿಮೇಲ್‌ನಲ್ಲಿ ಬಲ ಮೇಲ್ತುದಿಯ ಗಿಯರ್ ಗುರುತು ಒತ್ತಿದರೆ ಸಾಲುಗಳ ಸಾಂದ್ರತೆ, ಇನ್‌ಬಾಕ್ಸ್ ಬಗೆ, ಓದುವ ಕಿಟಕಿ, ಕಾನ್ವರ್ಸೇಷನ್ ವ್ಯೂ ಎಲ್ಲ ಒಂದೇ ಕಡೆ ಸಿಗುತ್ತವೆ. ಎರಡು ವಿಷಯ ಗಮನಿಸಿ. ಕೀಬೋರ್ಡ್ ಶಾರ್ಟ್‌ಕಟ್ ಆನ್ ಇದ್ದರೆ, ಹುಡುಕು ಪೆಟ್ಟಿಗೆಯ ಮೇಲೆ ಕ್ಲಿಕ್ಕಿಸದೆ ಟೈಪ್ ಮಾಡಿದಾಗ ಒಂದೊಂದು ಅಕ್ಷರವೂ ಆಜ್ಞೆಯಾಗುತ್ತೆ: "ಇ" ಆರ್ಕೈವ್ ಮಾಡುತ್ತೆ, "ಎಂ" ಆ ಸಂಭಾಷಣೆಯನ್ನು ಮ್ಯೂಟ್ ಮಾಡುತ್ತೆ. ಮ್ಯೂಟ್ ಆದ ಸಂಭಾಷಣೆಗೆ ಬರುವ ಮುಂದಿನ ಉತ್ತರಗಳು ಇನ್‌ಬಾಕ್ಸ್‌ಗೆ ಬರದೇ ಹೋಗಬಹುದು. ಎರಡನೆಯದು, ಸುಮಾರು 102 ಕೆಬಿ ಮೀರಿದ ಮೇಲನ್ನು ಜಿಮೇಲ್ ಕತ್ತರಿಸಿ ತೋರಿಸುತ್ತೆ. ಉದ್ದದ ಶಾರ್ಟ್‌ಲಿಸ್ಟ್ ಕೋಷ್ಟಕದಲ್ಲಿ ನಿಮ್ಮ ಹೆಸರಿಲ್ಲ ಅಂತ ಬೇಜಾರಾಗುವ ಮುನ್ನ ತಳದಲ್ಲಿ "ಪೂರ್ತಿ ಸಂದೇಶ ನೋಡಿ" ಎಂಬ ಕೊಂಡಿ ಇದೆಯಾ ನೋಡಿ.

ಕನ್ನಡ ಮೇಲ್ ಚಿತ್ರಲಿಪಿ ಆದಾಗ

ನಮ್ಮ ಸಂಘದ ರಾಜ್ಯೋತ್ಸವ ಆಹ್ವಾನದಂಥ ಮೇಲ್‌ಗಳಿಗೆ ಹೆಚ್ಚಾಗಿ ಬರುವ ತೊಂದರೆ ಇದು. ಮೂರು ಬೇರೆ ಬೇರೆ ರೋಗಗಳಿವೆ, ಲಕ್ಷಣ ನೋಡಿ ಗುರುತಿಸಬಹುದು.

ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲ ಎಂದರ್ಥ. ನೋಟೊ ಸಾನ್ಸ್ ಕನ್ನಡ ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಯುಐ ಇದ್ದರೂ ಆಗುತ್ತೆ.

ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಕಳಿಸಿದವರು ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಅಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಿರುತ್ತೆ. ನಿಮ್ಮ ಸೆಟ್ಟಿಂಗ್ ಬದಲಿಸಿ ಪ್ರಯೋಜನವಿಲ್ಲ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಿ, ಮುಂದೆ ಯುನಿಕೋಡ್‌ನಲ್ಲೇ ಕಳಿಸಿ ಅಂತ ಹೇಳಿ.

ಒಂದೊಂದು ಕನ್ನಡ ಚಿಹ್ನೆಗೂ ಮೂರು ಮೂರು ವಿಚಿತ್ರ ಗುರುತು ಬಂದಿದ್ದರೆ ಎನ್‌ಕೋಡಿಂಗ್ ತಪ್ಪಿದೆ. "ಕ" ಅಕ್ಷರದ ಯುನಿಕೋಡ್ ಸಂಖ್ಯೆ ದಶಮಾನದಲ್ಲಿ 3221. ಯುಟಿಎಫ್-8 ಅದನ್ನು 224, 178, 149 ಎಂಬ ಮೂರು ಬೈಟ್‌ಗಳಾಗಿ ಒಡೆಯುತ್ತೆ. ಓದುವ ಪ್ರೋಗ್ರಾಂ ಇದನ್ನು ವಿಂಡೋಸ್-1252 ಅಂದುಕೊಂಡರೆ ಒಂದೊಂದು ಬೈಟನ್ನೂ ಬೇರೆ ಅಕ್ಷರವೆಂದು ಓದಿ, ಗೆರೆ ಹೊತ್ತ ಒಂದು ಅಕ್ಷರ, ಪುಟ್ಟ ಎರಡು, ಒಂದು ಕಪ್ಪು ಚುಕ್ಕೆ ತೋರಿಸುತ್ತೆ. ಬೈಟ್‌ಗಳು ಹಾಳಾಗಿಲ್ಲ, ಓದುವ ರೀತಿ ಮಾತ್ರ ತಪ್ಪಿದೆ. ಥಂಡರ್‌ಬರ್ಡ್‌ನಲ್ಲಿ ವ್ಯೂ ಮೆನುವಿನ ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್ ಒತ್ತಿ ನೋಡಿ.

ಸೀಸನ್‌ಗೆ ಮುಂಚೆ ಐದು ನಿಮಿಷ

ಸರಿಯಾಗಿರುವಾಗಲೇ ಪರದೆಯ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದೆ "ಏನು ಬದಲಾಯ್ತು" ಅನ್ನೋದಕ್ಕೆ ಅದೇ ಸಾಕ್ಷಿ. ಪ್ಲೇಸ್‌ಮೆಂಟ್ ಸೆಲ್‌ನ ವಿಳಾಸವನ್ನು ಕಾಂಟ್ಯಾಕ್ಟ್‌ಗೆ ಸೇರಿಸಿ. ಮೇಲ್ ಬಂದಿಲ್ಲ ಅನ್ನಿಸಿದರೆ ಕಣ್ಣಾಡಿಸುತ್ತಾ ಕೂರಬೇಡಿ, ಹುಡುಕಿ. ಜಿಮೇಲ್‌ನಲ್ಲಿ ಕಂಪನಿಯ ಹೆಸರಿನ ಜೊತೆ "ಇನ್ ಕೋಲನ್ ಎನಿವೇರ್" ಅಂತ ಇಂಗ್ಲಿಷಿನಲ್ಲಿ ಸೇರಿಸಿದರೆ ಸ್ಪ್ಯಾಮ್ ಮತ್ತು ಟ್ರ್ಯಾಶ್ ಕೂಡ ಜಾಲಾಡುತ್ತೆ. ಮತ್ತೆ, ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ ನೋಡಿ. ನಾಲ್ಕನ್ನು ಒಟ್ಟಿಗೆ ತಿರುಗಿಸಿದರೆ ಸರಿ ಹೋದರೂ ಯಾವುದರಿಂದ ಅಂತ ಗೊತ್ತಾಗಲ್ಲ, ಮುಂದಿನ ಸಲ ಪಕ್ಕದ ರೂಮಿನವರಿಗೆ ಹೇಳಿಕೊಡೋಕೂ ಆಗಲ್ಲ.